ನಕ್ಷೆಯಲ್ಲಿದ್ದ ಬಾಗಿಲು

ಜೂನ್ ೪

ಅಕ್ಕನಿಗೆ,

ಲಕೋಟೆ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಹನ್ನೊಂದು ತಿಂಗಳು ಮಾತು ಬಿಟ್ಟವನು ಈಗ ಅಂಚೆ ಡಬ್ಬ ಹುಡುಕಿಕೊಂಡು ಹೋಗಿ ಕಾಗದ ಹಾಕಿದ್ದಾನಲ್ಲ, ತಲೆ ನೆಟ್ಟಗಿದೆಯೇ ಎಂದು ನೀನು ಕೇಳುವುದು ಇಲ್ಲಿಗೇ ಕೇಳಿಸುತ್ತಿದೆ. ನೆಟ್ಟಗಿದೆ. ಇಲ್ಲಿ ಮೇಲ್ ಕಂಪನಿಯದು, ಫೋನ್ ಕಂಪನಿಯದು, ಎರಡನ್ನೂ ಓದುವುದಕ್ಕೆಂದೇ ಮೂರನೇ ಮಹಡಿಯಲ್ಲಿ ಜನ ಇದ್ದಾರೆ. ಪೆನ್ನು ಮಾತ್ರ ನನ್ನ ಸ್ವಂತದ್ದು.

ನಾವಿಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಕಟ್ಟಿದ ತಂತ್ರಾಂಶವನ್ನು ಕೊಂಡುಕೊಂಡವರು ನನಗೆ ಹದಿನಾಲ್ಕನೇ ಮಹಡಿಯಲ್ಲಿ ಒಂದು ಗಾಜಿನ ಕೋಣೆ ಕೊಟ್ಟಿದ್ದಾರೆ. ಬಾಗಿಲ ಮೇಲೆ ‘ಸ್ಥಾಪಕರು’ ಎಂದು ಬರೆದಿದೆ. ಬಂದವರನ್ನೆಲ್ಲ ಕರೆತಂದು ತೋರಿಸುತ್ತಾರೆ, ನಾನು ಎದ್ದು ನಿಂತು ಹಲ್ಲು ಕಿರಿಯುತ್ತೇನೆ. ಮೂರು ವರ್ಷ ಇಲ್ಲಿಂದ ಅಲ್ಲಾಡುವಂತಿಲ್ಲ, ಬಿಟ್ಟು ಹೋದರೆ ಮತ್ತೆ ಈ ಕಸುಬನ್ನೇ ಮುಟ್ಟುವಂತಿಲ್ಲ ಎಂದು ಮಾರಾಟದ ಒಪ್ಪಂದದಲ್ಲಿದೆ. ನೀನು ಸಹಿಯ ಹಿಂದಿನ ದಿನ ಎದ್ದು ಹೋದೆ, ನಿನ್ನ ಪರವಾಗಿಯೂ ನಾನೇ ಸಹಿ ಹಾಕಿದೆ. ಇದನ್ನು ಎತ್ತಿ ಆಡಬಾರದು ಅಂದುಕೊಂಡೇ ಪೆನ್ನು ಹಿಡಿದಿದ್ದೆ. ಆಡಿಬಿಟ್ಟೆ, ಇರಲಿ.

ಬರೆಯಲು ಕಾರಣ ಬೇರೆ. ಕಳೆದ ವಾರ ನಮ್ಮ ಮೊದಲ ಗಿರಾಕಿಯ ಕಟ್ಟಡಕ್ಕೆ ಹೋಗಿದ್ದೆ, ಅದೇ ನರ್ಸಿಂಗ್ ಹುಡುಗಿಯರ ಎಂಟು ಮಹಡಿಯ ಹಾಸ್ಟೆಲ್. ಐದು ವರ್ಷದ ಸಂಭ್ರಮಕ್ಕೆ ಒಂದು ಜಾಹೀರಾತು ತೆಗೆಯುತ್ತಿದ್ದಾರೆ. ‘ಕಟ್ಟುವಾಗಿನ ನಕ್ಷೆಯಿಂದ ಹಿಡಿದು ಕಟ್ಟಿದ ಮೇಲಿನ ಲಿಫ್ಟು, ಪಂಪು, ಬಾಗಿಲಿನವರೆಗೆ ಎಲ್ಲವೂ ಒಂದೇ ವೆಬ್ ಪುಟದಲ್ಲಿ, ಒಂದು ಕಾಗದವೂ ಕಳೆಯುವುದಿಲ್ಲ’ ಎಂದು ನಾನು ಕ್ಯಾಮೆರಾದ ಮುಂದೆ ನಿಂತು ಹೇಳಬೇಕು. ಏಳನೇ ಸಲಕ್ಕೆ ನಗು ಸರಿಬಂತು. ಅವರು ದೀಪ, ವೈರು ಸುತ್ತುತ್ತಿದ್ದಾಗ ನಾನು ಲಿಫ್ಟಿಗೆ ಕಾಯದೆ ಆರನೇ ಮಹಡಿಯಿಂದ ಪೂರ್ವದ ಮೆಟ್ಟಿಲು ಹಿಡಿದೆ. ಬೆಂಕಿ ಬಿದ್ದರೆ ಇಳಿಯಲು ಇರುವ ಮೆಟ್ಟಿಲು. ಅದರ ಬಾಗಿಲುಗಳು ಹೇಗೆಂದು ನಿನಗೆ ಹೇಳಿಕೊಡಬೇಕೇ? ಮಹಡಿಯಿಂದ ಮೆಟ್ಟಿಲಿಗೆ ಬರಬಹುದು, ಮೆಟ್ಟಿಲಿನಿಂದ ಮಹಡಿಗೆ ವಾಪಸ್ ಹೋಗಲಾಗದು. ಕೆಳಗಿಳಿದು ಹೊರಬೀಳುವುದೊಂದೇ ದಾರಿ.

ಕೆಳಗಿಳಿದೆ. ಹೊರಬಾಗಿಲು ಇರಬೇಕಾದ ಕಡೆ ಗೋಡೆ ಇತ್ತು. ಗಾರೆ ಮಾಡಿ, ಬಣ್ಣ ಬಳಿದ ಅಚ್ಚುಕಟ್ಟಾದ ಗೋಡೆ. ಅದರ ಮೇಲೆ ‘ಹೊರಗೆ’ ಎಂಬ ಹಸಿರು ದೀಪ ಚೆನ್ನಾಗಿಯೇ ಉರಿಯುತ್ತಿತ್ತು.

ಮೇಲೆ ಹತ್ತಿದೆ. ಎಂಟು ಮಹಡಿಯ ಬಾಗಿಲುಗಳನ್ನೂ ಬಡಿದೆ. ಹುಡುಗಿಯರೆಲ್ಲ ತರಗತಿಯಲ್ಲಿ, ಕ್ಯಾಮೆರಾದವರು ಅಷ್ಟರಲ್ಲಿ ಲಿಫ್ಟಿನಲ್ಲಿ ಇಳಿದು ಹೋಗಿದ್ದರು. ಫೋನಿಗೆ ಸಿಗ್ನಲ್ ಇಲ್ಲ. ಮೊದಲು ನಗು ಬಂತು, ಆಮೇಲೆ ಬಾಯಾರಿಕೆ, ಆಮೇಲೆ ಹೆದರಿಕೆ. ಒಂದು ಗಂಟೆ ಐವತ್ತು ನಿಮಿಷ ಕೂತಿದ್ದೆ. ಕೊನೆಗೆ ಬೀಗದ ಮಾಮ ಎರಡನೇ ಮಹಡಿಯ ಬಾಗಿಲು ತೆರೆದರು. ನೆನಪಿದ್ದಾರಲ್ಲ, ಸೊಂಟದಲ್ಲಿ ನಲವತ್ತು ಕೀಲಿ ಕಟ್ಟಿಕೊಂಡು ಇಡೀ ಹಾಸ್ಟೆಲ್ ನೋಡಿಕೊಳ್ಳುವವರು.

“ಕೆಳಗೆ ಗೋಡೆ ಇದೆಯಲ್ಲ ಮಾಮ!” ಎಂದೆ.

“ಮೊದಲಿಂದ್ಲೂ ಇದೆ ಸಾರ್” ಎಂದರು.

ಕಚೇರಿಗೆ ಬಂದು ದಾಖಲೆ ತೆರೆದೆ. ‘ಪೂರ್ವ ಮೆಟ್ಟಿಲು, ನೆಲಮಹಡಿಯ ಹೊರಬಾಗಿಲು ಸರಾಗವಾಗಿ ತೆರೆಯುತ್ತದೆಯೇ?’ ತಿಂಗಳಿಗೊಂದರಂತೆ ಐವತ್ತೆಂಟು ತಪಾಸಣೆ, ಐವತ್ತೆಂಟು ಸಲ ‘ಹೌದು’. ಅಲ್ಲಿ ಮುನ್ನೂರ ಹತ್ತು ಹುಡುಗಿಯರು ಮಲಗುತ್ತಾರೆ ಅಕ್ಕ. ಆ ಕಟ್ಟಡವನ್ನು ಪಟ್ಟಿಗೆ ಸೇರಿಸಿದವಳು ನೀನು. ನೀನು ನೋಡಿದಾಗ ಅಲ್ಲಿ ಬಾಗಿಲಿತ್ತೇ?

ಅಮ್ಮನ ಮಂಡಿನೋವು ಹೇಗಿದೆ?

ನಿನ್ನ ತಮ್ಮ


ಜೂನ್ ೨೭

ತಮ್ಮಣ್ಣನವರಿಗೆ,

ನಿನ್ನ ಅಕ್ಷರ ಇನ್ನೂ ಕಾಗೆ ಕಾಲು ಗುಬ್ಬಿ ಕಾಲಾಗಿಯೇ ಇದೆ. ಸ್ಥಾಪಕರಾದ ಮೇಲಾದರೂ ಸುಧಾರಿಸಿರಬಹುದು ಅಂದುಕೊಂಡಿದ್ದೆ.

ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಅಲ್ಲ, ಮೆಟ್ಟಿಲಿನ ಭಾಗ ಮಾತ್ರ. “ಎರಡು ಗಂಟೆ ಒಂದೇ ಕಡೆ ಕೂತಿದ್ನಾ? ಚಿಕ್ಕಂದಿನಲ್ಲಿ ಊಟಕ್ಕೂ ಎರಡು ನಿಮಿಷ ಕೂರ್ತಿರಲಿಲ್ವಲ್ಲೇ” ಎಂದಳು. ಮಂಡಿನೋವು ಇದ್ದಲ್ಲೇ ಇದೆ, ಬಾಯಿಗೆ ಏನೂ ನೋವಿಲ್ಲ. ನಿನ್ನ ಬಟ್ಟೆಗಳನ್ನು ಇನ್ನೂ ಮಡಿಸಿಟ್ಟುಕೊಂಡಿದ್ದಾಳೆ. ಕೊಟ್ಟುಬಿಡೋಣ ಅಂದರೆ ಮಾತು ಬದಲಿಸುತ್ತಾಳೆ.

ನಾನೀಗ ಮೇಲ್ವಿಚಾರಕರ ತರಬೇತಿ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಇಪ್ಪತ್ತೆರಡು ಜನ, ಅರ್ಧ ಜನಕ್ಕೆ ನನಗಿಂತ ಹೆಚ್ಚು ವಯಸ್ಸು. ಸಿಮೆಂಟು ಮೂಟೆ ಹೊತ್ತು, ಇಟ್ಟಿಗೆ ಕಟ್ಟಿ ಮೇಲೆ ಬಂದವರು. ಕಟ್ಟಡದ ತಪಾಸಣೆ ಎಂದರೇನು ಎಂದು ಅವರಿಗೆ ಕಲಿಸುತ್ತೇನೆ. ಹಲಗೆಯ ಮೇಲೆ ಮೊದಲ ದಿನ ಬರೆದದ್ದು: ಕೈಯಿಂದ ಮುಟ್ಟದ್ದಕ್ಕೆ ಟಿಕ್ ಹಾಕಬೇಡಿ. ಎಲ್ಲರೂ ನೋಟುಬುಕ್ಕಿನಲ್ಲಿ ಬರೆದುಕೊಂಡರು.

ನೀನು ಕೇಳಿದ ಬಾಗಿಲು ಐದು ವರ್ಷದ ಹಿಂದಿನ ಮಾತು. ಆಮೇಲೆ ಎಷ್ಟು ಕಟ್ಟಡ ಹತ್ತಿ ಇಳಿದಿದ್ದೇನೆ. ನಕ್ಷೆಯಲ್ಲಿ ಬಾಗಿಲಿತ್ತು, ಅಷ್ಟು ನೆನಪಿದೆ. ಕಟ್ಟಿದವರು ನಡುವೆ ಬದಲಾದರಲ್ಲ, ಆಗ ಯಾರೋ ಮುಚ್ಚಿರಬೇಕು. ದೂರು ದಾಖಲಿಸು. ನಿನ್ನದೇ ತಂತ್ರಾಂಶ, ದೂರು ಕೊಡುವ ಜಾಗ ಎಲ್ಲಿದೆ ಎಂದು ನಾನು ಹೇಳಬೇಕೇ?

ತರಗತಿಗೆ ಹೊತ್ತಾಯಿತು.

ಅಕ್ಕ


ಜುಲೈ ೧೫

ಅಕ್ಕ,

ದೂರು ಕೊಟ್ಟೆ. ಒಂಬತ್ತು ನಿಮಿಷದಲ್ಲಿ ಉತ್ತರ ಬಂತು: ‘ಸದರಿ ಬಾಗಿಲು ಸರಾಗವಾಗಿ ತೆರೆಯುತ್ತಿರುವುದು ಕಳೆದ ತಿಂಗಳ ತಪಾಸಣೆಯಲ್ಲಿ ದೃಢಪಟ್ಟಿದೆ. ದೂರನ್ನು ಮುಕ್ತಾಯಗೊಳಿಸಲಾಗಿದೆ.’ ಆ ವಾಕ್ಯ ನಾನೇ ಬರೆದದ್ದು, ಅಡುಗೆಮನೆಯಲ್ಲಿ. ಸುಳ್ಳು ದೂರುಗಳಿಂದ ಕೆಲಸಗಾರರನ್ನು ಉಳಿಸಲು ಎಂದು ಹೆಮ್ಮೆಪಟ್ಟಿದ್ದೆ. ಮತ್ತೆ ಎರಡು ಸಲ ಕೊಟ್ಟೆ, ಮತ್ತೆ ಎರಡು ಸಲ ಅದೇ ವಾಕ್ಯ. ನಾನು ಬರೆದ ಯಂತ್ರ ನನ್ನನ್ನೇ ಸುಳ್ಳುಗಾರ ಎನ್ನುತ್ತಿದೆ.

ನನ್ನ ಮೇಲಿನವರ ಬಳಿ ಹೋದೆ. ನಾವಿಲ್ಲಿ ಅವರನ್ನು ಮುಗುಳ್ನಗೆ ಎಂದು ಕರೆಯುತ್ತೇವೆ, ಕೆಟ್ಟ ಸುದ್ದಿಯನ್ನೂ ಹಾಗೆಯೇ ಹೇಳುತ್ತಾರೆ. “ಒಂದು ಬಾಗಿಲು ಸುಳ್ಳು ಅಂದ್ರೆ ನಾನ್ನೂರ ಹನ್ನೆರಡು ಕಟ್ಟಡದ ಬಾಗಿಲೂ ಸುಳ್ಳಾಗತ್ತೆ ಅಲ್ವಾ?” ಎಂದರು. “ನಿಮ್ಮ ಒಪ್ಪಂದದ ಹನ್ನೊಂದನೇ ಕಲಮು ನೆನಪಿದೆ ತಾನೆ?” ನೆನಪಿದೆ. ಕಂಪನಿಗೆ ಹಾನಿಯಾಗುವ ಮಾತನ್ನು ಒಳಗೂ ಹೊರಗೂ ಆಡುವಂತಿಲ್ಲ. ಅತ್ತ ದರಿ ಇತ್ತ ಪುಲಿ. ಗೋಡೆ ನೋಡಿದವನು ನಾನೊಬ್ಬ, ನೋಡಿದೆ ಎನ್ನುವಂತಿಲ್ಲ.

ಐವತ್ತೆಂಟು ‘ಹೌದು’ ಹೇಗೆ ಬಂದವು ಎಂದು ತಿಳಿಯಿತು. ‘ಹಿಂದಿನಂತೆ’ ಗುಂಡಿ. ನೂರ ನಲವತ್ತು ಪ್ರಶ್ನೆಗಳನ್ನು ಒಂದೊಂದಾಗಿ ಒತ್ತಲು ಮಾಮನಿಗೆ ಎರಡು ಗಂಟೆ ಹಿಡಿಯುತ್ತಿತ್ತಲ್ಲ. “ಅವರ ಹೆಬ್ಬೆರಳಿನ ಮೇಲಾದ್ರೂ ದಯೆ ತೋರಿಸೋ” ಎಂದು ನೀನು ಬೈದೆ. ಮೂರನೇ ತಿಂಗಳಿಗೆ ನಾನು ಆ ಗುಂಡಿ ಹಾಕಿದೆ. ಒತ್ತಿದರೆ ಕಳೆದ ತಿಂಗಳ ಉತ್ತರಗಳೆಲ್ಲ ತಾವೇ ತುಂಬಿಕೊಳ್ಳುತ್ತವೆ, ಬದಲಾದದ್ದನ್ನು ಮಾತ್ರ ತಿದ್ದಿದರಾಯಿತು. ಗಿರಾಕಿಗಳು ಮುಗಿಬಿದ್ದದ್ದು ಅದನ್ನು ನೋಡಿಯೇ. ಈಗ ಯಾವ ಕಟ್ಟಡದಲ್ಲೂ ಯಾರೂ ಏನನ್ನೂ ತಿದ್ದುತ್ತಿಲ್ಲ.

ಹಾಗಾದರೆ ಎಲ್ಲಕ್ಕೂ ಮೊದಲಿನ ‘ಹೌದು’ ಯಾರದು ಎಂದು ಹುಡುಕಿದೆ. ದಾಖಲೆ ತೆರೆಯಿತು. ನೋಡಿದೆ. ಮುಚ್ಚಿದೆ.

ಇಲ್ಲಿ ಕಿಟಕಿಗಳು ತೆರೆಯುವುದಿಲ್ಲ. ಎಲ್ಲ ಗಾಜು, ಎಲ್ಲ ಬೆಳಕು, ಗಾಳಿ ಮಾತ್ರ ಯಂತ್ರದಿಂದ ಬರಬೇಕು. ಅಮ್ಮನಿಗೆ ನಮಸ್ಕಾರ ಹೇಳು.

ತಮ್ಮ


ಆಗಸ್ಟ್ ೨

ಪುಟ್ಟ,

ನೀನು ಕೇಳಲಿಲ್ಲ. ಅದೇ ನನ್ನನ್ನು ಹದಿನೈದು ದಿನ ಕೊಂದಿತು. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಮೊದಲ ‘ಹೌದು’ ನನ್ನದು.

ಹಾಸ್ಟೆಲ್ ಸಂಸ್ಥೆಯವರು ಬೆಳಗ್ಗೆ ಹನ್ನೊಂದಕ್ಕೆ ಬರುವವರಿದ್ದರು. ನೀನು ಮನೆಯಲ್ಲಿ ಕೊನೆಯ ದೋಷ ತಿದ್ದುತ್ತಾ ಕೂತಿದ್ದೆ, ನಾನು ಆರು ಗಂಟೆಗೇ ಫೋನ್ ಹಿಡಿದುಕೊಂಡು ಕಟ್ಟಡಕ್ಕೆ ಹೋಗಿದ್ದೆ. ಮೇಲಿನ ನಾಲ್ಕು ಮಹಡಿ ನಿಜವಾಗಿಯೂ ನೋಡಿದೆ, ಒಂದೊಂದು ಹಿಡಿಕೆಯನ್ನೂ ಎಳೆದು ನೋಡಿದೆ. ಹತ್ತೂವರೆಯಾಯಿತು. ಇನ್ನೂ ಅರವತ್ತು ಪ್ರಶ್ನೆ ಬಾಕಿ. ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಕ್ಷೆಯನ್ನು ತೊಡೆಯ ಮೇಲೆ ಹರಡಿಕೊಂಡೆ. ನಕ್ಷೆ ನೋಡಿ ಅರವತ್ತಕ್ಕೂ ಟಿಕ್ ಹಾಕಿದೆ. ಪೂರ್ವದ ಮೆಟ್ಟಿಲ ಕೆಳಗೆ ಬಾಗಿಲು ಬರೆದಿತ್ತು, ಯಾವ ಕಡೆಗೆ ತೆರೆಯುತ್ತದೆ ಎಂಬ ಗೆರೆಯೂ ಇತ್ತು. ಮುಂದಿನ ವಾರ ಬಂದು ನೋಡಿದರಾಯಿತು ಅಂದುಕೊಂಡೆ. ಅವರು ಬಂದರು, ಪುಟವೆಲ್ಲ ಹಸಿರಾಗಿದ್ದು ನೋಡಿ ಚಪ್ಪಾಳೆ ತಟ್ಟಿದರು. ಮುಂದಿನ ವಾರಕ್ಕೆ ಮೂರು ಹೊಸ ಕಟ್ಟಡ ಬಂದವು.

ಅಲ್ಲಿ ಗೋಡೆ ಇದೆ ಎಂದು ನಿನ್ನ ಕಾಗದ ಬರುವವರೆಗೂ ನನಗೆ ಗೊತ್ತಿರಲಿಲ್ಲ, ಅಮ್ಮನಾಣೆ. ನೋಡಿಲ್ಲ ಎಂಬುದು ಮಾತ್ರ ಗೊತ್ತಿತ್ತು. ಮತ್ತೆ ಹೋಗಿ ನೋಡಲು ಪ್ರತಿ ವರ್ಷವೂ ಹೆದರಿಕೆ ಹೆಚ್ಚುತ್ತಾ ಹೋಯಿತು.

ಇನ್ನೊಂದು ಇದೆ. ನಾನು ಸಹಿಯ ಹಿಂದಿನ ದಿನ ಹೊರಟದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ಮಾರಾಟದ ಕಾಗದದಲ್ಲಿ ಒಂದು ಸಾಲಿತ್ತು: ‘ಎಲ್ಲ ದಾಖಲೆಗಳನ್ನೂ ಸ್ಥಳದಲ್ಲಿ ನೋಡಿಯೇ ನಮೂದಿಸಲಾಗಿದೆ.’ ಅದರ ಕೆಳಗೆ ನನ್ನ ಕೈ ಓಡಲಿಲ್ಲ. ನಿಜ ಹೇಳುವ ಧೈರ್ಯವಾಗದೆ “ನಿನ್ನ ಜೊತೆ ಇನ್ನು ನನ್ನ ಕೈಲಾಗಲ್ಲ” ಅಂದುಬಿಟ್ಟೆ. ನೀನು ಬಾಯಿ ತೆರೆದುಕೊಂಡು ನಿಂತಿದ್ದೆ. ನನ್ನ ಪರವಾಗಿ ಸಹಿ ಹಾಕುವ ಅಧಿಕಾರವನ್ನೂ ನಿನ್ನ ಕೈಗಿಟ್ಟು ಬಾಗಿಲು ಎಳೆದುಕೊಂಡು ಬಂದೆ. ನಾನು ತಪ್ಪಿಸಿಕೊಂಡೆ, ನಿನ್ನನ್ನು ಒಳಗೆ ಬಿಟ್ಟು.

ಇಪ್ಪತ್ತೆರಡು ಜನರ ಮುಂದೆ ದಿನಾ ಆ ಹಲಗೆಯ ಸಾಲನ್ನು ನೋಡುತ್ತೇನೆ. ಇನ್ನು ಆಗುವುದಿಲ್ಲ. ಅಗ್ನಿಶಾಮಕ ಕಚೇರಿಗೆ ಹೋಗಿ ಬರವಣಿಗೆಯಲ್ಲಿ ಕೊಡುತ್ತೇನೆ. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಉಣ್ಣುತ್ತೇನೆ.

ಅಕ್ಕ


ಆಗಸ್ಟ್ ೭

ಅಕ್ಕ,

ಬೇಡ. ಹೋಗಬೇಡ. ಈ ಕಾಗದ ತಲುಪುವವರೆಗಾದರೂ ಹೋಗಬೇಡ.

ನನಗೆ ಎಷ್ಟು ಸಿಟ್ಟು ಬಂದಿದೆ ಎಂದರೆ ಮೂರು ಹಾಳೆ ಹರಿದು ಎಸೆದು ಇದು ನಾಲ್ಕನೆಯದು. ಆ ಸಾಲಿನ ಕೆಳಗೆ ನನ್ನ ಸಹಿ ಎರಡು ಸಲ ಇದೆ, ಒಂದು ನನ್ನದು, ಒಂದು ನಿನ್ನದು. ಹದಿಮೂರು ತಿಂಗಳಿಂದ ನಾನೇನು ತಪ್ಪು ಮಾಡಿದೆ, ಅಕ್ಕ ಯಾಕೆ ಬಿಟ್ಟು ಹೋದಳು ಎಂದು ಈ ಗಾಜಿನ ಡಬ್ಬಿಯಲ್ಲಿ ಕೂತು ಯೋಚಿಸಿದ್ದೇನೆ. ಅವತ್ತೇ ಒಂದು ಮಾತು ಹೇಳಿದ್ದರೆ ಇಬ್ಬರೂ ಎದ್ದು ಬರುತ್ತಿದ್ದೆವು.

ಈಗ ಕೇಳು. ನನಗಿನ್ನೂ ಇಪ್ಪತ್ತಮೂರು ತಿಂಗಳಿದೆ. ನೀನು ಹೋಗಿ ಹೇಳಿದರೆ ಇವರು ಮೊದಲು ಹಿಡಿಯುವುದು ನನ್ನ ಜುಟ್ಟು. ಹಾವೂ ಸಾಯಬೇಕು ಕೋಲೂ ಮುರಿಯಬಾರದು, ಹಾಗೊಂದು ದಾರಿ ಯೋಚಿಸಿದ್ದೇನೆ. ಬಣ್ಣದ ಕೆಲಸ ಎಂದು ಬರೆಸಿ ನಾಲ್ಕು ಜನರನ್ನು ಕಳಿಸಿ ಗೋಡೆ ಒಡೆಸಿಬಿಡುತ್ತೇನೆ. ಸ್ವಲ್ಪ ಸಮಯ ಕೊಡು, ಅಷ್ಟೆ. ಐದು ವರ್ಷ ಏನೂ ಆಗಿಲ್ಲ, ಇನ್ನು ನಾಲ್ಕಾರು ತಿಂಗಳಲ್ಲಿ ಏನಾದೀತು?

ಮೇಲಿನ ವಾಕ್ಯವನ್ನು ಓದಿ ನೋಡಿದೆ. ಅಸಹ್ಯವಾಯಿತು. ಆದರೂ ಹೊಡೆದುಹಾಕುವುದಿಲ್ಲ, ನಾನು ಯೋಚಿಸುತ್ತಿರುವುದು ಹಾಗೆಯೇ. ಆ ಮೆಟ್ಟಿಲ ಮೇಲೆ ಕೂತಿದ್ದ ಒಂದು ಗಂಟೆ ಐವತ್ತು ನಿಮಿಷ ಮರೆತಿದ್ದೇನೆ ಎಂದಲ್ಲ. ಹೆದರಿಕೆಯಾಗಿದೆ ಅಕ್ಕ.

ತಮ್ಮ


ಆಗಸ್ಟ್ ೨೯

ಪುಟ್ಟ,

ನಿನ್ನ ಕಾಗದ ಬರುವ ಮೊದಲೇ ಹೋಗಿ ಬಂದಿದ್ದೆ. ಅದು ಮೊದಲೇ ಬಂದಿದ್ದರೂ ಹೋಗುತ್ತಿದ್ದೆ. ಬೈಯಬೇಕೆನಿಸಿದಷ್ಟು ಬೈ, ತಡೆದುಕೊಳ್ಳುತ್ತೇನೆ.

ಒಬ್ಬ ಅಧಿಕಾರಿ ನನ್ನ ಜೊತೆಗೇ ಬಂದರು. ಬೆರಳ ಗಂಟಿನಿಂದ ಗೋಡೆ ತಟ್ಟಿ ನೋಡಿದರು. ಮಾರನೆಯ ದಿನ ಇಬ್ಬರು ಸುತ್ತಿಗೆ ತಂದರು. ಒಂದೇ ಇಟ್ಟಿಗೆಯ ದಪ್ಪ, ಅರ್ಧ ದಿನದ ಕೆಲಸ. ಆಚೆ ನೀರಿನ ಟ್ಯಾಂಕಿನ ಪಕ್ಕದ ಓಣಿ, ಮೆಟ್ಟಿಲಿನೊಳಗೆ ಬಿಸಿಲು ಬಿತ್ತು. ಆರನೇ ದಿನಕ್ಕೆ ಬಾಗಿಲು ಕೂತಿತು. ನಾನೇ ಹಿಡಿಕೆ ಒತ್ತಿ ಹೊರಗೆ ಹೋದೆ, ಸುತ್ತು ಹಾಕಿ ಬಂದು ಮತ್ತೆ ಒಳಗಿನಿಂದ ಹೊರಗೆ ಹೋದೆ. ಹುಡುಗಿಯರು ನೋಡಿ ನಕ್ಕರು. ಎರಡು ದಿನ ಹೊಟ್ಟೆ ತುಂಬ ಊಟ ಮಾಡಿದೆ.

ಮೂರನೇ ದಿನ ಗೊತ್ತಾಯಿತು, ಬೀಗದ ಮಾಮನನ್ನು ಕೆಲಸದಿಂದ ನಿಲ್ಲಿಸಿದ್ದಾರೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಐವತ್ತೆಂಟರಲ್ಲಿ ಐವತ್ತೇಳು ‘ಹೌದು’ ಅವರ ಹೆಸರಿನಲ್ಲಿವೆ. ನಾನು ಓಡಿಹೋಗಿ, ಮೊದಲನೆಯದು ನನ್ನದು ಸಾರ್, ನನ್ನನ್ನು ಹಿಡಿಯಿರಿ ಎಂದೆ. ಅಧಿಕಾರಿ ಒಳ್ಳೆಯವರು, ಕೂರಿಸಿ ನೀರು ಕೊಟ್ಟರು. “ಮೇಡಂ, ನಿಮ್ಮದು ಗಿರಾಕಿಗೆ ತೋರಿಸೋಕೆ ತುಂಬಿದ ದಾಖಲೆ ಅಂತ ಕಂಪನಿಯ ವಕೀಲರು ಬರೆದುಕೊಟ್ಟಿದ್ದಾರೆ. ಅದು ಲೆಕ್ಕಕ್ಕೆ ಬರಲ್ಲ. ಕಟ್ಟಡ ನೋಡಿಕೊಳ್ಳೋರು ಒತ್ತಿದ್ದೇ ಲೆಕ್ಕ” ಎಂದರು. ನನ್ನ ತಪ್ಪನ್ನು ನಾನೇ ತಲೆಯ ಮೇಲೆ ಹೊತ್ತುಕೊಂಡು ಹೋದರೂ ಇಳಿಸಿಕೊಳ್ಳುವವರಿಲ್ಲ. ತರಬೇತಿ ಶಾಲೆಯವರಿಗೆ ಮಾತ್ರ ಲೆಕ್ಕಕ್ಕೆ ಬಂತು, ಇನ್ನು ಬರುವುದು ಬೇಡ ಅಂದಿದ್ದಾರೆ. ಅದು ನ್ಯಾಯವೇ.

ಮಾಮನನ್ನು ನೋಡಲು ಹೋಗಿದ್ದೆ. ಆ ಸಂಸ್ಥೆಯಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದಾರೆ. ಪಶ್ಚಿಮದ ಮೆಟ್ಟಿಲ ಪಕ್ಕ ಒಂದು ಕೋಣೆ, ಗಂಡ ಹೆಂಡತಿ ಅದರಲ್ಲೇ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ, ಮೇಲೆ ನಿರ್ಲಕ್ಷ್ಯದ ಮೊಕದ್ದಮೆ. ನನಗೆ ಚಹಾ ಕೊಟ್ಟರು, ಮುಖ ಕೊಡಲಿಲ್ಲ. “ಒತ್ತಿದ್ದು ನಾನೇ ಅಲ್ವಾ ಮೇಡಂ” ಎಂದರು. ಅವರ ಹೆಂಡತಿ ಸೀರೆಗಳನ್ನು ಆಗಲೇ ಗಂಟು ಕಟ್ಟುತ್ತಿದ್ದರು.

ವಿಚಾರಣೆ ಸೆಪ್ಟೆಂಬರ್ ಹದಿನೇಳಕ್ಕೆ, ನಿಮ್ಮದೇ ಹದಿನಾಲ್ಕನೇ ಮಹಡಿಯಲ್ಲಿ. ದಾಖಲೆಗಳ ಕಂಪ್ಯೂಟರ್ ಅಲ್ಲಿರುವುದರಿಂದ ಅಲ್ಲೇ ಅಂತೆ. ಹೊರಗಿನವರಿಗೆ ಪ್ರವೇಶವಿಲ್ಲ, ನಾನು ಹೊರಗಿನವಳು. ಅವರು ಪರದೆ ತೆರೆಯುವ ಮೊದಲೇ ಅಲ್ಲಿ ‘ಹೌದು’ ಕೂತಿರುತ್ತದೆ ಎಂದು ಹೇಳಬಲ್ಲವನು ನೀನೊಬ್ಬ.

ಹೋಗು ಎಂದು ನಾನು ಹೇಳುವುದಿಲ್ಲ. ಒಮ್ಮೆ ನಿನ್ನನ್ನು ಒಳಗೆ ಬಿಟ್ಟು ಬಂದವಳು ನಾನು, ಆ ಬಾಯಲ್ಲಿ ಇದನ್ನು ಹೇಳುವ ಹಕ್ಕು ನನಗಿಲ್ಲ. ಅಮ್ಮನಿಗೆ ಎಲ್ಲ ಹೇಳಿದ್ದೇನೆ. “ಇಬ್ಬರೂ ಊಟ ಮಾಡ್ತಿದೀರಾ?” ಎಂದು ಕೇಳಿದಳು.

ಅಕ್ಕ


ಸೆಪ್ಟೆಂಬರ್ ೨೧

ಅಕ್ಕ,

ಕಥೆಯ ಪುಸ್ತಕ ಸಿಕ್ಕರೆ ಕೊನೆಯ ಪುಟ ಮೊದಲು ಓದುವವಳು ನೀನು, ಅದಕ್ಕೆ ಆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮಾಮನ ಕೀಲಿಗೊಂಚಲು ವಾಪಸ್ ಕೊಟ್ಟಿದ್ದಾರೆ. ಕೋಣೆಯೂ ಉಳಿಯಿತು, ಮೊಕದ್ದಮೆ ಇಲ್ಲ.

ನನ್ನನ್ನು ತೆಗೆದುಹಾಕಿಲ್ಲ. ತೆಗೆಯುತ್ತಾರೆ ಎಂದು ನನ್ನ ಎರಡು ಪುಸ್ತಕ, ಒಂದು ಬಟ್ಟಲು ಚೀಲಕ್ಕೆ ತುಂಬಿಕೊಂಡು ಕೂತಿದ್ದೆ. ಮುಗುಳ್ನಗೆಯವರು ಬಂದು, “ನಮಗೇನೂ ಕೋಪ ಇಲ್ಲ. ನೀವು ನಮ್ಮವರು. ಒಪ್ಪಂದ ಮುಗಿಯೋವರೆಗೂ ನಮ್ಮವರೇ” ಎಂದರು. ಹೊರಗೆ ಬಿಟ್ಟರೆ ಮಾತಾಡುತ್ತೇನೆ ಎಂಬ ಹೆದರಿಕೆ ಅವರಿಗೆ. ಕಂಪ್ಯೂಟರ್ ತೆಗೆದುಕೊಂಡು ಹೋದರು. ಬೆಳಗ್ಗೆ ಒಂಬತ್ತಕ್ಕೆ ಬಂದು ಆರಕ್ಕೆ ಹೋಗಬೇಕು, ನಡುವೆ ಮಾಡಲು ಏನೂ ಇಲ್ಲ. ಬಾಗಿಲ ಮೇಲಿನ ‘ಸ್ಥಾಪಕರು’ ಹಾಗೆಯೇ ಇದೆ. ‘ಹಿಂದಿನಂತೆ’ ಗುಂಡಿಯೂ ಇನ್ನುಳಿದ ನಾನ್ನೂರ ಹನ್ನೊಂದು ಕಟ್ಟಡಗಳಲ್ಲಿ ಹಾಗೆಯೇ ಇದೆ. ಅಧಿಕಾರಿಗಳು ಅದರ ಬಗ್ಗೆ ವರದಿ ಬರೆಯುತ್ತಾರಂತೆ. ಇನ್ನು ಇಪ್ಪತ್ತೆರಡು ತಿಂಗಳು ನಾನು ಗಾಜಿನಾಚೆ ನೋಡುತ್ತಾ ಕೂರಬೇಕು.

ವಿಚಾರಣೆಯ ದಿನದ ಬಗ್ಗೆ ಹೇಳುತ್ತೇನೆ, ಇದು ನಿನಗೆ ಮಾತ್ರ.

ಉದ್ದನೆಯ ಮೇಜು. ಆ ಕಡೆ ಅಧಿಕಾರಿಗಳಿಬ್ಬರು, ಈ ಕಡೆ ನಮ್ಮ ವಕೀಲರು, ಮುಗುಳ್ನಗೆಯವರು. ತುದಿಯ ಕುರ್ಚಿಯಲ್ಲಿ ಬೀಗದ ಮಾಮ, ಇಸ್ತ್ರಿ ಮಾಡಿದ ಅಂಗಿ, ಸೊಂಟದಲ್ಲಿ ಕೀಲಿ ಇಲ್ಲ. ನಡೆದು ಬಂದಾಗ ಸದ್ದೇ ಆಗಲಿಲ್ಲ, ಅವರು ಎಂದು ಗುರುತು ಹಿಡಿಯಲು ನನಗೆ ಒಂದು ಕ್ಷಣ ಬೇಕಾಯಿತು. ನನ್ನನ್ನು ಕರೆದದ್ದು ಪರದೆಯ ಮೇಲೆ ದಾಖಲೆ ತೋರಿಸಲು. ತೋರಿಸಿ ಸುಮ್ಮನೆ ಹೋಗಬಹುದಿತ್ತು. ಅಲ್ಲೇ ನಿಂತು, “ಇವರು ತೆರೆಯೋಕೆ ಮೊದಲೇ ಉತ್ತರ ತುಂಬಿರತ್ತೆ. ತುಂಬೋದು ನಾವು” ಎಂದೆ. ಗುಂಡಿ ಒತ್ತಿ ತೋರಿಸಿದೆ. ನೂರ ನಲವತ್ತು ಸಾಲು ಒಂದೇ ಸಲಕ್ಕೆ ಹಸಿರಾದವು. ಮುಗುಳ್ನಗೆಯವರ ಮುಖದಲ್ಲಿ ನಗು ಇಲ್ಲದ್ದನ್ನು ಮೊದಲ ಸಲ ನೋಡಿದೆ.

ವಕೀಲರು ಚುರುಕು. “ಗುಂಡಿ ಬಂದಿದ್ದು ಮೂರನೇ ತಿಂಗಳು. ಮೊದಲನೇ ತಿಂಗಳು ಇವರು ಕೈಯಾರೆ ಒತ್ತಿದಾರಲ್ಲ, ಅದಕ್ಕೇನು ಹೇಳ್ತೀರಿ?” ಎಂದರು.

ಆಗ ಮಾಮ ಎದ್ದು ನಿಂತರು. ಕೂತು ಹೇಳಿ ಅಂದರೂ ಕೂರಲಿಲ್ಲ.

“ನಾನು ನೋಡ್ಲಿಲ್ಲ ಅಂತ ಎಲ್ಲರೂ ಹೇಳ್ತಿದೀರಿ ಸಾರ್. ನಾನು ನೋಡಿದೀನಿ. ಮೊದಲನೇ ತಿಂಗಳು ಆ ಗೋಡೆ ಮುಂದೆ ನಿಂತ್ಕೊಂಡೇ ‘ಇಲ್ಲ’ ಅಂತ ಒತ್ತಿದೆ. ಒತ್ತಿದ ತಕ್ಷಣ ಏಳು ಖಾನೆ ಬಂತು. ಬಾಗಿಲಿನ ನಂಬರ್ ಏನು, ಬೀಗ ಯಾವುದು, ಕೀಲು ಎಷ್ಟು, ಬಾಗಿಲಿನ ಫೋಟೋ ಹಾಕಿ ಅಂತ. ಇಲ್ಲದಿರೋ ಬಾಗಿಲಿಗೆ ನಂಬರ್ ಎಲ್ಲಿಂದ ತರ್ಲಿ? ಏಳೂ ತುಂಬದೆ ಮುಂದಕ್ಕೆ ಹೋಗಲ್ಲ, ವಾಪಸ್ಸೂ ಬರಲ್ಲ. ಸಂಜೆವರೆಗೂ ಒದ್ದಾಡಿದೆ. ಆಮೇಲೆ ಪರದೆ ಮೇಲಿದ್ದ ಸಹಾಯವಾಣಿಗೆ ಫೋನ್ ಮಾಡಿದೆ. ಬಾಗಿಲಿಲ್ಲ, ಗೋಡೆ ಇದೆ ಅಂದೆ. ‘ಫಾರಂ ಮುಚ್ಚಿ ಮತ್ತೆ ತೆರೀರಿ, ಸದ್ಯಕ್ಕೆ ಹೌದು ಒತ್ತಿಬಿಡಿ, ನಾವು ಒಳಗಿಂದ ಸರಿಮಾಡ್ತೀವಿ’ ಅಂದ್ರು. ಬಹಳ ಮರ್ಯಾದೆಯಿಂದ ಮಾತಾಡಿದ್ರು. ಗೊತ್ತಿರೋರಿಗೆ ಹೇಳಿದ ಮೇಲೆ ನನ್ನ ಕೆಲಸ ಮುಗೀತು ಅಂದ್ಕೊಂಡೆ.”

ಆ ಏಳು ಖಾನೆ ನನ್ನವು ಅಕ್ಕ. ಒಂದು ದೋಷವೂ ಅರೆಬರೆಯಾಗಿ ದಾಖಲಾಗಬಾರದು ಎಂದು ಹಟ ಹಿಡಿದು ಹಾಕಿದ್ದೆ. ನಿನ್ನ ‘ಹೌದು’ ನೋಡಿ ನಿನ್ನ ಮೇಲೆ ಎಷ್ಟು ಹಾರಾಡಿದೆ. ‘ಇಲ್ಲ’ ಅನ್ನುವ ದಾರಿ ಮುಚ್ಚಿದವನು ನಾನು.

“ಆಗ ಸಹಾಯವಾಣಿಯಲ್ಲಿ ಯಾರಿದ್ರು?” ಎಂದು ಅಧಿಕಾರಿ ಕೇಳಿದರು.

“ಯಾರೋ ಒಬ್ಬರು ಸಾರ್” ಎಂದರು ಮಾಮ.

ಯಾರೂ ನನ್ನ ಕಡೆ ನೋಡಲಿಲ್ಲ. ಆ ಹೊತ್ತಿಗೆ ನಮ್ಮ ಕಂಪನಿಯಲ್ಲಿ ಇದ್ದದ್ದೇ ಇಬ್ಬರು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀನು ಹಗಲೆಲ್ಲ ಕಟ್ಟಡಗಳ ಮೇಲೆ. ಸಹಾಯವಾಣಿ ಎಂದರೆ ನನ್ನ ಜೇಬಿನ ಫೋನು.

“ನಾನು” ಎಂದೆ.

ವಕೀಲರು ತಕ್ಷಣ ಅಧಿಕಾರಿಗಳ ಕಡೆ ಬಗ್ಗಿದರು. “ಫಾರಂ ಮುಂದಕ್ಕೆ ಹೋಗ್ತಿಲ್ಲ ಅಂತ ಈ ಯಜಮಾನರು ಫೋನ್ ಮಾಡಿರಬಹುದು, ಅದಕ್ಕೆ ‘ಹೌದು ಒತ್ತಿ’ ಅಂತ ನಮ್ಮ ಸ್ಥಾಪಕರು ಹೇಳಿರಬಹುದು. ಗೋಡೆ ವಿಷಯ ಎತ್ತಿದ್ರು ಅನ್ನೋದಕ್ಕೆ ದಾಖಲೆ ಎಲ್ಲಿದೆ?” ದಾಖಲೆ ಇರಲಿಲ್ಲ. ನಾವು ಕರೆಗಳನ್ನು ಬರೆದಿಡುತ್ತಿರಲಿಲ್ಲ.

ಅಧಿಕಾರಿ ಪೆನ್ನು ಕೆಳಗಿಟ್ಟು ನನ್ನನ್ನೇ ಕೇಳಿದರು. “ಅವತ್ತು ಇವರು ಗೋಡೆ ಇದೆ ಅಂತ ನಿಮಗೆ ಹೇಳಿದ್ರಾ?”

ನೆನಪು ಮಾಡಿಕೊಳ್ಳಲು ನೋಡಿದೆ. ದಿನಕ್ಕೆ ಮೂವತ್ತು ನಲವತ್ತು ಕರೆ ಬರುತ್ತಿದ್ದ ತಿಂಗಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಕೀಲಿಮಣೆಯ ಮೇಲೆ. ಎಲ್ಲರಿಗೂ ಅದೇ ಹೇಳುತ್ತಿದ್ದೆ, ಸದ್ಯಕ್ಕೆ ಹೌದು ಒತ್ತಿಬಿಡಿ. ಗೋಡೆ ಎಂಬ ಮಾತು ನನ್ನ ಕಿವಿಗೆ ಬಿದ್ದಿತ್ತೋ ಇಲ್ಲವೋ, ಬಿದ್ದರೂ ನಾನು ಕೇಳಿಸಿಕೊಂಡಿದ್ದೆನೋ ಇಲ್ಲವೋ, ನನಗೆ ನಿಜವಾಗಿಯೂ ನೆನಪಿಲ್ಲ ಅಕ್ಕ. ಒಂದು ಅಕ್ಷರವೂ ನೆನಪಿಲ್ಲ. ಮಾಮ ನನ್ನ ಕಡೆ ನೋಡುತ್ತಿರಲಿಲ್ಲ, ಮೇಜಿನ ಮೇಲೆ ತಮ್ಮ ಎರಡೂ ಕೈ ಊರಿ ನಿಂತಿದ್ದರು.

“ಹೌದು” ಎಂದೆ. “ಹೇಳಿದ್ರು.”

ನಿನ್ನ ತಮ್ಮ